ಬಜೆಟ್ಟಿನ ದುಡ್ಡು ಮನೆ ಬಾಗಿಲಿಗೆ ಬರುವ ದಾರಿ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧಾನಸಭೆಯಲ್ಲಿ ತಮ್ಮ 16ನೇ ಬಜೆಟ್ ಓದಿದರು. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಕರ್ನಾಟಕದ ಬಜೆಟ್ 4 ಲಕ್ಷ ಕೋಟಿ ದಾಟಿದ್ದು ಅದೇ ಮೊದಲು. ಅವತ್ತು ಎಲ್ಲ ಟಿವಿಗಳಲ್ಲೂ ಒಂದೇ ಮಾತು: ಯಾವ ಜಿಲ್ಲೆಗೆ ಏನು ಸಿಕ್ಕಿತು, ಯಾರಿಗೆ ಎಷ್ಟು ಸಿಕ್ಕಿತು?

ನಿಜ ಹೇಳಬೇಕೆಂದರೆ ಅವತ್ತು ಯಾರಿಗೂ ಒಂದು ರೂಪಾಯಿಯೂ ಸಿಕ್ಕಿರಲಿಲ್ಲ. ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಇನ್ನೂ ಸರ್ಕಾರದ ಕೈಗೇ ಬಂದಿರಲಿಲ್ಲ. ಬಜೆಟ್ ಅಂದರೆ ಮುಂದಿನ ಹನ್ನೆರಡು ತಿಂಗಳಲ್ಲಿ ಇಷ್ಟು ಬರಬಹುದು, ಇಷ್ಟು ಖರ್ಚಾಗಬಹುದು ಎನ್ನುವ ಅಂದಾಜು. ಅದರ ಜೊತೆಗೆ, ಇಂಥದ್ದಕ್ಕೆ ಇಷ್ಟು ಖರ್ಚು ಮಾಡಲು ಅನುಮತಿ ಕೊಡಿ ಎಂದು ಸರ್ಕಾರ ಶಾಸಕರನ್ನು ಕೇಳುವ ಕಾಗದ ಕೂಡ.

ಘೋಷಣೆ, ಹಂಚಿಕೆ, ಬಿಡುಗಡೆ, ಖರ್ಚು. ಪೇಪರ್ ಓದುವಾಗ ಈ ನಾಲ್ಕು ಪದ ನಮಗೆ ಒಂದೇ ಥರ ಕೇಳಿಸುತ್ತವೆ. ಆದರೆ ಇವು ನಾಲ್ಕು ಬೇರೆ ಬೇರೆ ನಿಲ್ದಾಣಗಳು. ಒಂದರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊತ್ತ ಕಮ್ಮಿಯಾಗಬಹುದು, ತಡವಾಗಬಹುದು, ದಾರಿ ತಪ್ಪಲೂಬಹುದು. ಬಜೆಟ್ ಅರ್ಥ ಮಾಡಿಕೊಳ್ಳಬೇಕು ಎನ್ನುವವರು ಭಾಷಣಕ್ಕಿಂತ ಈ ದಾರಿಯನ್ನೇ ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಸರ್ಕಾರದ ದುಡ್ಡು ಎಲ್ಲಿರುತ್ತದೆ ಎಂದು ನೋಡೋಣ. ಸಂವಿಧಾನದ ಪ್ರಕಾರ ರಾಜ್ಯಕ್ಕೆ ಮೂರು ಪೆಟ್ಟಿಗೆಗಳಿವೆ. ದೊಡ್ಡದು ಸಂಚಿತ ನಿಧಿ. ತೆರಿಗೆ, ಶುಲ್ಕ, ಸಾಲ ಎಲ್ಲ ಬಂದು ಬೀಳುವುದು ಅಲ್ಲಿಗೆ. ಎರಡನೆಯದು ಸಾದಿಲ್ವಾರು ನಿಧಿ. ಅನಿರೀಕ್ಷಿತ ಖರ್ಚಿಗೆ ತಕ್ಷಣ ತೆಗೆಯಲು ಇಟ್ಟುಕೊಂಡ ಸಣ್ಣ ಗಂಟು. ಮೂರನೆಯದು ಸಾರ್ವಜನಿಕ ಲೆಕ್ಕ. ನೌಕರರ ಭವಿಷ್ಯ ನಿಧಿ, ಠೇವಣಿಗಳಂಥ ಹಣ ಇಲ್ಲಿರುತ್ತದೆ. ಇದು ಬೇರೆಯವರ ದುಡ್ಡು, ಸರ್ಕಾರ ಕಾಪಾಡುವ ಜವಾಬ್ದಾರಿ ಮಾತ್ರ ಹೊತ್ತಿರುತ್ತದೆ.

ಸಂಚಿತ ನಿಧಿಗೆ ಗಟ್ಟಿ ಬೀಗವಿದೆ. ಶಾಸನಸಭೆ ಕಾನೂನು ಮಾಡಿ ಒಪ್ಪದೆ ಅದರಿಂದ ಬಿಡಿಗಾಸು ತೆಗೆಯುವಂತಿಲ್ಲ ಎಂದು ಸಂವಿಧಾನದ 266ನೇ ವಿಧಿ ಹೇಳುತ್ತದೆ. ಅದಕ್ಕೇ ಬಜೆಟ್ ಓದಿದ ಮೇಲೆ ಇಲಾಖಾವಾರು ಬೇಡಿಕೆಗಳು ಬರುತ್ತವೆ, ಚರ್ಚೆಯಾಗುತ್ತದೆ, ಕೊನೆಗೆ ಧನವಿನಿಯೋಗ ಮಸೂದೆ ಪಾಸಾಗುತ್ತದೆ. ಭಾಷಣದ ದಿನ ಇರುವ ಕ್ಯಾಮೆರಾಗಳು ಈ ಮಸೂದೆ ಪಾಸಾಗುವ ದಿನ ಇರುವುದಿಲ್ಲ. ಆದರೆ ಬೀಗದ ಕೈ ಇರುವುದು ಈ ಮಸೂದೆಯಲ್ಲೇ.

ದುಡ್ಡು ಎಲ್ಲಿಂದ ಬರುತ್ತದೆ

2025-26ರ ಅಂದಾಜನ್ನೇ ತೆಗೆದುಕೊಳ್ಳೋಣ. ರಾಜ್ಯದ ಸ್ವಂತ ತೆರಿಗೆ 2,08,100 ಕೋಟಿ. ತೆರಿಗೆಯಲ್ಲದ ಆದಾಯ 16,500 ಕೋಟಿ. ಕೇಂದ್ರ ತೆರಿಗೆಗಳಲ್ಲಿ ನಮ್ಮ ಪಾಲು 51,877 ಕೋಟಿ. ಕೇಂದ್ರದ ಸಹಾಯಾನುದಾನ 16,000 ಕೋಟಿ. ಇವೆಲ್ಲ ಸೇರಿದರೆ ರಾಜಸ್ವ ಆದಾಯ 2,92,477 ಕೋಟಿ. ಇದರ ಮೇಲೆ 1,16,000 ಕೋಟಿ ಸಾಲ.

ಸ್ವಂತ ತೆರಿಗೆ ಬರುವುದು ನಮ್ಮ ದಿನನಿತ್ಯದ ವ್ಯವಹಾರಗಳಿಂದಲೇ. ಅಂಗಡಿಯ ಬಿಲ್ಲಿನಲ್ಲಿರುವ ಜಿಎಸ್‌ಟಿಯ ರಾಜ್ಯದ ಭಾಗ, ಪೆಟ್ರೋಲ್ ಡೀಸೆಲ್ ಮೇಲಿನ ಮಾರಾಟ ತೆರಿಗೆ ಸೇರಿದಂತೆ ವಾಣಿಜ್ಯ ತೆರಿಗೆಗಳು 1,20,000 ಕೋಟಿ. ಮದ್ಯದ ಮೇಲಿನ ಅಬಕಾರಿ ಸುಂಕ 40,000 ಕೋಟಿ. ಸೈಟು ಮನೆ ನೋಂದಣಿಯಾಗುವಾಗ ಕಟ್ಟುವ ಮುದ್ರಾಂಕ ಮತ್ತು ನೋಂದಣಿ ಶುಲ್ಕ 28,000 ಕೋಟಿ. ವಾಹನ ತೆರಿಗೆ 15,000 ಕೋಟಿ. ಜಿಎಸ್‌ಟಿ ದರವನ್ನು ರಾಜ್ಯ ಒಂದೇ ನಿರ್ಧರಿಸುವಂತಿಲ್ಲ, ಅದು ಜಿಎಸ್‌ಟಿ ಮಂಡಳಿಯ ಕೆಲಸ. ಹಾಗಾಗಿ ರಾಜ್ಯಕ್ಕೆ ಜಾಸ್ತಿ ದುಡ್ಡು ಬೇಕಾದಾಗ ಕೈ ಹೋಗುವುದು ಮದ್ಯ, ಪೆಟ್ರೋಲ್, ನೋಂದಣಿ, ವಾಹನ ಈ ನಾಲ್ಕರ ಕಡೆಗೇ. ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಬಿಯರ್ ಬೆಲೆ ಯಾಕೆ ಏರಿತು, ಆಸ್ತಿಯ ಮಾರ್ಗಸೂಚಿ ದರ ಯಾಕೆ ಏರಿತು ಎನ್ನುವುದಕ್ಕೆ ಉತ್ತರ ಇಲ್ಲಿದೆ.

ಇನ್ನು ಸಾಲದ ವಿಷಯ. 1,16,000 ಕೋಟಿ ಎಂದ ಕೂಡಲೇ ಗಾಬರಿಯಾಗುತ್ತದೆ ಅಲ್ವಾ? ಅದರಲ್ಲಿ 26,474 ಕೋಟಿ ಹಳೆಯ ಸಾಲದ ಅಸಲು ತೀರಿಸಲು ಹೋಗುತ್ತದೆ. ಆದ್ದರಿಂದ ನೋಡಬೇಕಾದ ಅಂಕಿ ವಿತ್ತೀಯ ಕೊರತೆ. ಅಂದರೆ ಸಾಲ ಬಿಟ್ಟು ಉಳಿದ ಆದಾಯಕ್ಕಿಂತ ಖರ್ಚು ಎಷ್ಟು ಜಾಸ್ತಿ ಎನ್ನುವ ಲೆಕ್ಕ. ಅದು 90,428 ಕೋಟಿ, ರಾಜ್ಯದ ಒಟ್ಟು ಉತ್ಪನ್ನದ ಶೇ 2.95. ಒಟ್ಟು ಹೊಣೆಗಾರಿಕೆ, ಅಂದರೆ ಇದುವರೆಗೆ ಮಾಡಿ ತೀರಿಸಬೇಕಾದ ಸಾಲವೆಲ್ಲ ಸೇರಿ, 7,64,655 ಕೋಟಿ, ಶೇ 24.91.

ಈ ಎರಡು ಶೇಕಡಾವಾರು ಅಂಕಿಗಳನ್ನು ಸ್ವಲ್ಪ ನಿಂತು ನೋಡಿ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡ ರಾಜ್ಯ. ದೇಶದಲ್ಲಿ ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ಆ ಚೌಕಟ್ಟಿನ ಪ್ರಕಾರ ವಿತ್ತೀಯ ಕೊರತೆ ಶೇ 3ರೊಳಗೆ, ಹೊಣೆಗಾರಿಕೆ ಶೇ 25ರೊಳಗೆ ಇರಬೇಕು. ನಾವು ಎರಡೂ ಗೆರೆಗಳಿಗೆ ತಾಗಿಕೊಂಡೇ ನಿಂತಿದ್ದೇವೆ. ಗೆರೆ ದಾಟಿಲ್ಲ, ನಿಜ. ಆದರೆ ವರ್ಷದ ಮಧ್ಯದಲ್ಲಿ ತೆರಿಗೆ ವಸೂಲಿ ಸ್ವಲ್ಪ ಕುಂದಿದರೂ ಸಾಲ ಮಾಡಿ ತುಂಬಿಸಲು ಜಾಗ ಉಳಿದಿಲ್ಲ. ಆಗ ಸರ್ಕಾರದ ಮುಂದಿರುವ ಸುಲಭದ ದಾರಿ ಒಂದೇ, ಹಣ ಬಿಡುಗಡೆ ನಿಧಾನ ಮಾಡುವುದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಜಸ್ವ ಕೊರತೆ ಇನ್ನೊಂದು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನದ ಖರ್ಚಿಗೆ ವರ್ಷದ ಆದಾಯ ಸಾಕಾಗದಿದ್ದರೆ ಅದು ರಾಜಸ್ವ ಕೊರತೆ. 2025-26ಕ್ಕೆ ಅದು 19,262 ಕೋಟಿ. ಮನೆ ಕಟ್ಟಲು ಸಾಲ ಮಾಡುವುದು ಬೇರೆ, ದಿನಸಿಗೆ ಸಾಲ ಮಾಡುವುದು ಬೇರೆ. ಈ ಎರಡನೆಯ ಥರದ ಸಾಲ ಎಷ್ಟಿದೆ ಎಂದು ತೋರಿಸುವ ಅಂಕಿ ಇದು. ಕೋವಿಡ್‌ಗೂ ಮುಂಚೆ ಹಲವು ವರ್ಷ ಕರ್ನಾಟಕ ರಾಜಸ್ವ ಹೆಚ್ಚುವರಿ ಇಟ್ಟುಕೊಂಡಿತ್ತು. ಆ ಅಭ್ಯಾಸ ತಪ್ಪಿದ್ದು ನನಗೆ ಬೇಸರದ ಸಂಗತಿ.

ದೆಹಲಿಯಿಂದ ಬರುವ ಪಾಲು

ಕೇಂದ್ರ ವಸೂಲು ಮಾಡುವ ಆದಾಯ ತೆರಿಗೆ, ಕಾರ್ಪೊರೇಟ್ ತೆರಿಗೆ, ಕೇಂದ್ರ ಜಿಎಸ್‌ಟಿ ಎಲ್ಲದರಲ್ಲೂ ರಾಜ್ಯಗಳಿಗೆ ಪಾಲಿದೆ. ಎಷ್ಟು ಪಾಲು, ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುವುದು ಹಣಕಾಸು ಆಯೋಗ. 15ನೇ ಆಯೋಗ ಹಂಚಿಕೆಯ ಮೊತ್ತದಲ್ಲಿ ಶೇ 41 ರಾಜ್ಯಗಳಿಗೆ ಎಂದಿತು. ಆ ಶೇ 41ರೊಳಗೆ 2021-26ರ ಅವಧಿಗೆ ಕರ್ನಾಟಕದ ಪಾಲು ಶೇ 3.647 ಇತ್ತು. ಅದಕ್ಕೂ ಹಿಂದಿನ 14ನೇ ಆಯೋಗದಲ್ಲಿ ನಮ್ಮ ಪಾಲು ಶೇ 4.713 ಇತ್ತು. ಎಲ್ಲ ರಾಜ್ಯಗಳಿಗೆ ಸೇರಿ 100 ರೂಪಾಯಿ ಹಂಚಿದರೆ, ನಮಗೆ ಬರುತ್ತಿದ್ದ 4 ರೂಪಾಯಿ 71 ಪೈಸೆ 3 ರೂಪಾಯಿ 65 ಪೈಸೆಗೆ ಇಳಿಯಿತು.

ಯಾಕೆ ಇಳಿಯಿತು? 15ನೇ ಆಯೋಗದ ಸೂತ್ರದಲ್ಲಿ ಅತಿ ಹೆಚ್ಚು ತೂಕ, ಶೇ 45, ಇದ್ದದ್ದು ಆದಾಯದ ಅಂತರಕ್ಕೆ. ಅಂದರೆ ತಲಾ ಆದಾಯ ಕಡಿಮೆ ಇರುವ ರಾಜ್ಯಕ್ಕೆ ಜಾಸ್ತಿ, ಹೆಚ್ಚಿರುವ ರಾಜ್ಯಕ್ಕೆ ಕಮ್ಮಿ. ಬೆಂಗಳೂರಿನ ದುಡಿಮೆ ಇಡೀ ರಾಜ್ಯದ ಸರಾಸರಿಯನ್ನು ಮೇಲೆತ್ತುತ್ತದೆ. ಯಾದಗಿರಿಯ ಕೂಲಿಕಾರನ ಆದಾಯ ಏರದಿದ್ದರೂ ಲೆಕ್ಕದಲ್ಲಿ ಕರ್ನಾಟಕ ಶ್ರೀಮಂತ ರಾಜ್ಯವಾಗಿ ಕಾಣುತ್ತದೆ. ಇನ್ನೊಂದು ಕಾರಣ ಜನಸಂಖ್ಯೆ. 14ನೇ ಆಯೋಗ 1971ರ ಜನಗಣತಿಗೂ ತೂಕ ಕೊಟ್ಟಿತ್ತು. 15ನೇ ಆಯೋಗ 2011ರ ಜನಗಣತಿಯನ್ನೇ ಹಿಡಿಯಿತು. ಜನಸಂಖ್ಯೆ ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ಬೇರೆಯಾಗಿ ಶೇ 12.5 ತೂಕ ಕೊಟ್ಟರೂ ಆ ಪೆಟ್ಟು ಪೂರ್ತಿ ತುಂಬಲಿಲ್ಲ.

ಬಡ ರಾಜ್ಯಗಳಿಗೆ ಜಾಸ್ತಿ ಹೋಗಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಒಂದೇ ದೇಶದಲ್ಲಿದ್ದ ಮೇಲೆ ಅದು ನ್ಯಾಯವೇ. ಆದರೆ ಐದೇ ವರ್ಷದ ಅವಧಿ ಬದಲಾದಾಗ ಒಂದು ರಾಜ್ಯದ ಪಾಲು ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಕುಸಿಯುವುದು ಸರಿಯಲ್ಲ. ಇದನ್ನು 15ನೇ ಆಯೋಗವೂ ಗಮನಿಸಿತ್ತು. 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಎಂದು ತನ್ನ ಮೊದಲ ವರದಿಯಲ್ಲಿ ಹೇಳಿತ್ತು. ಆ ಹಣ ಬರಲಿಲ್ಲ. 2024ರ ಫೆಬ್ರವರಿ 7ರಂದು ರಾಜ್ಯದ ಮಂತ್ರಿಗಳು, ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತದ್ದರ ಹಿಂದೆ ಈ ಲೆಕ್ಕಗಳಿದ್ದವು.

ಇನ್ನೊಂದು ಸೂಕ್ಷ್ಮವಿದೆ. ಕೇಂದ್ರ ಸೆಸ್ ಮತ್ತು ಸರ್‌ಚಾರ್ಜ್ ಎಂದು ಹಾಕುವ ತೆರಿಗೆ ಹಂಚಿಕೆಯ ಮೊತ್ತಕ್ಕೆ ಸೇರುವುದೇ ಇಲ್ಲ. ಆದಾಯ ತೆರಿಗೆ ಕಟ್ಟುವವರು ತಮ್ಮ ಲೆಕ್ಕದಲ್ಲಿ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ನೋಡಿರುತ್ತಾರೆ. ಅದರಲ್ಲಿ ರಾಜ್ಯಕ್ಕೆ ತೆರಿಗೆ ಪಾಲು ಇಲ್ಲ. ಹಾಗಾಗಿ ಕಾಗದದ ಮೇಲೆ ಶೇ 41 ಎಂದಿದ್ದರೂ, ಕೇಂದ್ರ ಒಟ್ಟು ವಸೂಲು ಮಾಡಿದ ತೆರಿಗೆಯಲ್ಲಿ ರಾಜ್ಯಗಳಿಗೆ ಬರುವುದು ಅದಕ್ಕಿಂತ ಕಮ್ಮಿ.

ಅನುದಾನದ ದಾರಿ ಬೇರೆ. ಸಮಗ್ರ ಶಿಕ್ಷಣದಂಥ ಯೋಜನೆಗಳಲ್ಲಿ ಕೇಂದ್ರ 60, ರಾಜ್ಯ 40 ಹಾಕಬೇಕು. ರಾಜ್ಯ ತನ್ನ 40 ಹಾಕದಿದ್ದರೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕಳಿಸದಿದ್ದರೆ, ಮುಂದಿನ ಕಂತು ಅಲ್ಲೇ ನಿಲ್ಲುತ್ತದೆ. ಕೇಂದ್ರ ಕೊಟ್ಟಿಲ್ಲ ಎಂದು ರಾಜ್ಯ, ಲೆಕ್ಕ ಕೊಟ್ಟಿಲ್ಲ ಎಂದು ಕೇಂದ್ರ. ಈ ಜಗಳದಲ್ಲಿ ಎಷ್ಟೋ ಸಲ ಇಬ್ಬರ ಮಾತಿನಲ್ಲೂ ಸತ್ಯವಿರುತ್ತದೆ. ವಿಪತ್ತಿನ ಪರಿಹಾರಕ್ಕೂ ಬೇರೆ ದಾರಿ. 2023ರ ಬರಕ್ಕೆ ರಾಜ್ಯ 18,171 ಕೋಟಿ ಕೇಳಿತು, ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಅಷ್ಟು ಹೊತ್ತಿಗೆ ಇನ್ನೊಂದು ಮುಂಗಾರು ಹತ್ತಿರ ಬಂದಿತ್ತು.

ಒಂದೇ ಬಾಬ್ತಿಗೆ ಮೂರು ಅಂಕಿ

ಬಜೆಟ್ ಪುಸ್ತಕ ತೆರೆದರೆ ಪ್ರತಿ ಬಾಬ್ತಿನ ಎದುರು ನಾಲ್ಕು ಕಾಲಂ ಕಾಣುತ್ತವೆ. 2025-26ರ ಪುಸ್ತಕದಲ್ಲಿ 2023-24ರ ಲೆಕ್ಕ, 2024-25ರ ಬಜೆಟ್ ಅಂದಾಜು, 2024-25ರ ಪರಿಷ್ಕೃತ ಅಂದಾಜು, ಕೊನೆಗೆ 2025-26ರ ಅಂದಾಜು. ಸುದ್ದಿಯಾಗುವುದು ಕೊನೆಯ ಕಾಲಂ ಮಾತ್ರ. ಆದರೆ ನಡೆದದ್ದನ್ನು ಹೇಳುವುದು ಮೊದಲನೆಯದು. ಯಾವುದೇ ವರ್ಷದ ಒಂದು ಬಾಬ್ತಿಗೆ ಕ್ರಮವಾಗಿ ಮೂರು ಅಂಕಿ ಹುಟ್ಟುತ್ತವೆ: ಮೊದಲು ಅಂದಾಜು, ವರ್ಷದ ಕೊನೆಗೆ ಪರಿಷ್ಕೃತ ಅಂದಾಜು, ಆಮೇಲೆ ನಿಜವಾಗಿ ಖರ್ಚಾದ ಲೆಕ್ಕ.

ಒಂದು ಯೋಜನೆಗೆ ಕಳೆದ ವರ್ಷಕ್ಕಿಂತ ಈ ವರ್ಷ ದುಪ್ಪಟ್ಟು ಕೊಟ್ಟಿದ್ದೇವೆ ಎಂದು ಯಾರಾದರೂ ಹೇಳಿದರೆ, ಕಳೆದ ವರ್ಷದ ಯಾವ ಅಂಕಿಗೆ ಹೋಲಿಸಿದರು ಎಂದು ಕೇಳಿ. 100 ಕೋಟಿ ಅಂದಾಜು ಮಾಡಿ, 60ಕ್ಕೆ ಪರಿಷ್ಕರಿಸಿ, ಮತ್ತೆ ಈ ಸಲ 120 ಎಂದರೆ ಅದು ದುಪ್ಪಟ್ಟು ಕೊಟ್ಟ ಹಾಗೆ ಕಾಣುತ್ತದೆ. ಮೂಲ ಅಂದಾಜಿಗೆ ಹೋಲಿಸಿದರೆ ಹೆಚ್ಚಳ ಬರೀ 20. ವಿರೋಧ ಪಕ್ಷದವರು ಹಣ ಕಡಿತ ಎಂದು ಹೇಳುವಾಗಲೂ ಇದೇ ಪ್ರಶ್ನೆ ಕೇಳಬೇಕು.

ಪ್ರತಿ ಬಾಬ್ತಿಗೂ ಒಂದು ಲೆಕ್ಕಶೀರ್ಷಿಕೆ, ಅಂದರೆ ಗುರುತಿನ ಸಂಖ್ಯೆ, ಇರುತ್ತದೆ. ಉದ್ದದ ಅಂಕಿಗಳ ಸಾಲು ನೋಡಿ ಹೆದರಬೇಡಿ. ಮೊದಲ ನಾಲ್ಕು ಅಂಕಿ ಇಡೀ ದೇಶಕ್ಕೆ ಒಂದೇ. 2202 ಅಂದರೆ ಸಾಮಾನ್ಯ ಶಿಕ್ಷಣ, 2210 ಅಂದರೆ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. ಸುಲಭದ ಗುರುತು ಮೊದಲ ಅಂಕಿಯಲ್ಲಿದೆ. 2 ಅಥವಾ 3 ಇದ್ದರೆ ದಿನದ ಖರ್ಚು. 4 ಅಥವಾ 5 ಇದ್ದರೆ ಬಂಡವಾಳ ವೆಚ್ಚ, ಅಂದರೆ ಕಟ್ಟಡ, ರಸ್ತೆ, ಕಾಲುವೆಯಂಥ ಆಸ್ತಿ. 8 ಇದ್ದರೆ ಸಾರ್ವಜನಿಕ ಲೆಕ್ಕ. ರಸ್ತೆಯನ್ನೇ ನೋಡಿ. 3054 ಅಂದರೆ ಗುಂಡಿ ಮುಚ್ಚುವಂಥ ನಿರ್ವಹಣೆ. 5054 ಅಂದರೆ ಹೊಸ ರಸ್ತೆ, ಸೇತುವೆ ಕಟ್ಟುವುದು. 2025-26ರಲ್ಲಿ ದಿನದ ಖರ್ಚಿಗೆ 3,11,739 ಕೋಟಿ ಇಟ್ಟರೆ ಬಂಡವಾಳಕ್ಕೆ ಇಟ್ಟದ್ದು 71,336 ಕೋಟಿ.

ಬಿಡುಗಡೆ ಅನ್ನುವ ಗೇಟು

ಬಜೆಟ್ ಪಾಸಾಯಿತು, ಏಪ್ರಿಲ್ ಬಂತು. ಇಲಾಖೆಗೆ ಹಂಚಿಕೆಯಾದ ಹಣವೆಲ್ಲ ಕೈಗೆ ಬಂದಂತಾಯಿತೇ? ಇಲ್ಲ. ಆರ್ಥಿಕ ಇಲಾಖೆ ಅದನ್ನು ಕಂತು ಕಂತಾಗಿ ಬಿಡುಗಡೆ ಮಾಡುತ್ತದೆ. ಪ್ರತಿ ಬಿಡುಗಡೆಗೂ ಆದೇಶ ಬೇಕು.

ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸುವ ಹಾಗಿಲ್ಲ. ರಾಜಸ್ವ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಮೂರಕ್ಕೇ ಹೋಗುತ್ತದೆ. ಗ್ಯಾರಂಟಿಗಳಿಗೆ 51,034 ಕೋಟಿ ಇಟ್ಟಾಗಿದೆ, ಅದನ್ನು ಕಡಿದರೆ ಕೂಡಲೇ ಗದ್ದಲವಾಗುತ್ತದೆ. ಹೀಗಾಗಿ ತೆರಿಗೆ ವಸೂಲಿ ಕುಂದಿದಾಗ ಮೊದಲು ನಿಲ್ಲುವುದು ಕಾಮಗಾರಿಗಳ ದುಡ್ಡು. ಆಸ್ಪತ್ರೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ, ಗುತ್ತಿಗೆದಾರರ ಬಿಲ್ ಬಾಕಿ ಉಳಿಯುತ್ತದೆ. ಯಾರೂ ಯೋಜನೆ ರದ್ದು ಮಾಡಿರುವುದಿಲ್ಲ. ಬಿಡುಗಡೆ ಆದೇಶ ಬಂದಿರುವುದಿಲ್ಲ, ಅಷ್ಟೇ. ಬಜೆಟ್ ಪುಸ್ತಕದಲ್ಲಿ ಆ ಅಂಕಿ ಹಾಗೇ ಇರುತ್ತದೆ.

ಬಿಡುಗಡೆಯಾದರೂ ಖರ್ಚಾಗದೇ ಉಳಿಯುವುದು ಇನ್ನೊಂದು ಕಥೆ. ಟೆಂಡರ್ ತಡ, ಜಾಗದ ತಕರಾರು, ಇಂಜಿನಿಯರ್ ಹುದ್ದೆ ಖಾಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ಕ್ಕೂ 5,000 ಕೋಟಿ ಘೋಷಣೆಯಾಯಿತು. ಸಂವಿಧಾನದಲ್ಲಿ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿಗಾಗಿ ದಶಕಗಳ ಕಾಲ ಹೋರಾಡಿದ ಆ ಭಾಗದ ಜನ ಪ್ರತಿ ವರ್ಷ ಕೇಳುವುದು ಒಂದೇ ಪ್ರಶ್ನೆ: ಘೋಷಿಸಿದ್ದೆಷ್ಟು, ಬಿಟ್ಟದ್ದೆಷ್ಟು, ಖರ್ಚಾದದ್ದೆಷ್ಟು? ಇಡೀ ಬಜೆಟ್ ವಿಶ್ಲೇಷಣೆಯ ತಿರುಳು ಈ ಪ್ರಶ್ನೆಯಲ್ಲಿದೆ.

ಮಾರ್ಚ್ 31ಕ್ಕೆ ಖರ್ಚಾಗದ ಅನುದಾನ ರದ್ದಾಗುತ್ತದೆ. ಇಲಾಖೆಗಳಿಗೆ ಅದು ದೊಡ್ಡ ಭಯ. ಹಣ ವಾಪಸ್ ಹೋದರೆ ಮುಂದಿನ ವರ್ಷ ಅಷ್ಟು ಸಿಗದಿರಬಹುದು. ಅದಕ್ಕೇ ಮಾರ್ಚ್ ಕೊನೆಯ ವಾರ ಖಜಾನೆಗಳಲ್ಲಿ ಬಿಲ್ಲುಗಳ ಸುರಿಮಳೆ. ಕೆಲಸ ಮುಗಿಯದಿದ್ದರೂ ಹಣ ಖಜಾನೆಯಿಂದ ಹೊರಬಂದು ಯಾವುದೋ ನಿಗಮದ ಬ್ಯಾಂಕ್ ಖಾತೆಯಲ್ಲೋ, ಪಿ.ಡಿ. (ಅಧಿಕಾರಿಯ ಹೆಸರಿನ ಠೇವಣಿ) ಖಾತೆಯಲ್ಲೋ ಕೂರುತ್ತದೆ. ಪುಸ್ತಕದಲ್ಲಿ ಅದು ಖರ್ಚು. ನೆಲದ ಮೇಲೆ ಏನೂ ಆಗಿರುವುದಿಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಈ ಮಾರ್ಚ್ ತಿಂಗಳ ಧಾವಂತದ ಬಗ್ಗೆ, ಬಾಕಿ ಇರುವ ಬಳಕೆ ಪ್ರಮಾಣಪತ್ರಗಳ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿವೆ.

ಖಜಾನೆ ದಾಟಿದ ಮೇಲೆ

ಕರ್ನಾಟಕದ ಖಜಾನೆ ಇವತ್ತು ಖಜಾನೆ-2 ಎನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಎಲ್ಲರೂ ಕೆ-2 ಎನ್ನುತ್ತಾರೆ. ಇಲಾಖೆಯ ಡಿಡಿಒ, ಅಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ, ಬಿಲ್ ಹಾಕುತ್ತಾರೆ. ಆ ಲೆಕ್ಕಶೀರ್ಷಿಕೆಯಲ್ಲಿ ಅನುದಾನ ಇದೆಯೇ ಎಂದು ಖಜಾನೆ ನೋಡುತ್ತದೆ. ಇಲ್ಲದಿದ್ದರೆ ಬಿಲ್ ವಾಪಸ್. ಇದ್ದರೆ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯ ಮೂಲಕ ಹಣ ನೇರ ಖಾತೆಗೆ ಹೋಗುತ್ತದೆ. ಪ್ರತಿ ಹೆಜ್ಜೆಗೂ ಗುರುತು ಉಳಿಯುತ್ತದೆ. ಚೆಕ್ಕು ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಅಲೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ.

ಸಮಸ್ಯೆ ಶುರುವಾಗುವುದು ಹಣ ಈ ವ್ಯವಸ್ಥೆಯಿಂದ ಆಚೆ ಹೋದಾಗ. ನಿಗಮ, ಮಂಡಳಿ, ಪ್ರಾಧಿಕಾರಗಳಿಗೆ ಅವುಗಳದ್ದೇ ಬ್ಯಾಂಕ್ ಖಾತೆಗಳಿವೆ. ಅಲ್ಲಿಗೆ ಹೋದ ಮೇಲೆ ಆ ಹಣದ ಮೇಲೆ ಖಜಾನೆಯ ಕಣ್ಣಿರುವುದಿಲ್ಲ. 2024ರಲ್ಲಿ ಬಯಲಾದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಗರಣ ಇದರ ನೋವಿನ ಉದಾಹರಣೆ. ನಿಗಮದ ಹಣ ಬೆಂಗಳೂರಿನ ಬ್ಯಾಂಕ್ ಶಾಖೆಯೊಂದರ ಖಾತೆಗೆ ಹೋಗಿ, ಅಲ್ಲಿಂದ ಹೈದರಾಬಾದಿನ ಹಲವು ಖಾತೆಗಳಿಗೆ ಹರಿದಿತ್ತು. ನಿಗಮದ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡ ಮೇಲೆ ವಿಷಯ ಹೊರಬಂತು. 187 ಕೋಟಿ ಎಂದು ವಿರೋಧ ಪಕ್ಷದವರು, ಸುಮಾರು 89 ಕೋಟಿ ಎಂದು ಮುಖ್ಯಮಂತ್ರಿ ಸದನದಲ್ಲಿ ಹೇಳಿದರು. ಸಚಿವ ಬಿ. ನಾಗೇಂದ್ರ ಆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಮೊತ್ತ ಯಾವುದೇ ಇರಲಿ, ಅದು ಬೋರ್‌ವೆಲ್ಲಿಗೆ, ಸ್ವಂತ ಉದ್ಯೋಗದ ಸಾಲಕ್ಕೆ ಅರ್ಜಿ ಹಾಕಿ ಕಾದು ಕುಳಿತ ಬಡ ಕುಟುಂಬಗಳ ದುಡ್ಡು. ಬಜೆಟ್ ಪುಸ್ತಕದಲ್ಲಿ ಅವರ ಹೆಸರಿನ ಅನುದಾನ ಬಿಡುಗಡೆಯಾಗಿದೆ ಎಂದೇ ಇತ್ತು.

ಇಂಥ ಅಪಾಯ ತಪ್ಪಿಸಲು, ಖರ್ಚಿನ ಕ್ಷಣದವರೆಗೂ ಹಣವನ್ನು ಖಜಾನೆಯಲ್ಲೇ ಇಟ್ಟುಕೊಂಡು ಕೆಲಸ ಮಾಡಿದವರಿಗೆ ನೇರ ಪಾವತಿಸುವ ಕ್ರಮ ಕೇಂದ್ರ ಪುರಸ್ಕೃತ ಯೋಜನೆಗಳಲ್ಲಿ ನಿಧಾನವಾಗಿ ಬರುತ್ತಿದೆ. ರಾಜ್ಯದ ಎಲ್ಲ ನಿಗಮಗಳಿಗೂ ಅದೇ ಕ್ರಮ ಬರಬೇಕು. ಇದಕ್ಕೆ ಹೊಸ ಕಾನೂನು ಕಾಯಬೇಕಿಲ್ಲ, ಮನಸ್ಸು ಬೇಕು.

ಖಾತೆಗೆ ಬಂತಾ?

ಗೃಹಲಕ್ಷ್ಮಿಯ ಲೆಕ್ಕ ನೋಡೋಣ. ಈ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2025-26ಕ್ಕೆ ಇಟ್ಟ ಹಣ 28,608 ಕೋಟಿ. ಒಬ್ಬ ಮಹಿಳೆಗೆ ವರ್ಷಕ್ಕೆ 24,000 ರೂಪಾಯಿ ಆಗುತ್ತದೆ. ಭಾಗಿಸಿ ನೋಡಿ. 1 ಕೋಟಿ 19 ಲಕ್ಷದ 20 ಸಾವಿರ ಮಹಿಳೆಯರಿಗೆ ಹನ್ನೆರಡು ಕಂತು ಸರಿಯಾಗುತ್ತದೆ. ಫಲಾನುಭವಿಗಳು ಇದಕ್ಕಿಂತ ಜಾಸ್ತಿ ಇದ್ದರೆ, ಹಣ ಹೆಚ್ಚಿಸಬೇಕು, ಇಲ್ಲವೇ ಕಂತು ತಡವಾಗಬೇಕು. ಇಷ್ಟು ಸರಳ ಭಾಗಾಕಾರ ಯಾವ ಯೋಜನೆಗೂ ಮಾಡಬಹುದು.

ಒಂದು ತಿಂಗಳ ಕಂತು ಎಂದರೆ 2,384 ಕೋಟಿ. ಒಂದು ತಿಂಗಳು ತಡವಾದರೆ ಅಷ್ಟು ಹಣ ಖಜಾನೆಯಲ್ಲೇ ಉಳಿಯುತ್ತದೆ. ಕಂತು ತಪ್ಪಿದಾಗ ತಾಂತ್ರಿಕ ತೊಂದರೆ ಎಂಬ ಉತ್ತರ ಬರುತ್ತದೆ. ನಿಜವಾದ ತಾಂತ್ರಿಕ ತೊಂದರೆಯೂ ಇರುತ್ತದೆ. ಆದರೆ ಲಕ್ಷಾಂತರ ಮಂದಿಗೆ ಒಟ್ಟಿಗೇ ತಪ್ಪಿದರೆ ಕಾರಣ ಬ್ಯಾಂಕಿನಲ್ಲಿಲ್ಲ, ಬಿಡುಗಡೆಯಲ್ಲಿದೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲವಾದದ್ದು ಆ ವರ್ಷದ ಫೆಬ್ರವರಿ ಮತ್ತು ಮಾರ್ಚ್ ಕಂತುಗಳ ಬಗ್ಗೆ. ಅವು ಆರ್ಥಿಕ ವರ್ಷದ ಕೊನೆಯ ಎರಡು ತಿಂಗಳು ಎನ್ನುವುದನ್ನು ಗಮನಿಸಿ. ಆ ವರ್ಷದ ಅನುದಾನದಲ್ಲಿ ಕೊಡದೆ ಬಿಟ್ಟ ಕಂತನ್ನು ಹೊಸ ವರ್ಷದ ಹಣದಲ್ಲಿ ಕೊಡಬೇಕಾಗುತ್ತದೆ. ಆಗ ಹೊಸ ವರ್ಷದ ಹನ್ನೆರಡು ಕಂತಿಗೆ ಹಣ ಸಾಲದಾಗುತ್ತದೆ.

ಒಬ್ಬಿಬ್ಬರಿಗೆ ಮಾತ್ರ ಬರದಿದ್ದರೆ ಅದು ಬೇರೆ ಸಂಗತಿ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಐದು ತಿಂಗಳು ಹಣ ಬಂದಿರಲಿಲ್ಲ. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ನಾಲ್ಕು ಸಲ ಅಲೆದಿದ್ದರು. ಕೊನೆಗೆ ನೋಡಿದರೆ ಹಣ ಬಂದಿತ್ತು, ಇನ್ನೊಂದು ಬ್ಯಾಂಕಿನಲ್ಲಿ. ಸ್ವಸಹಾಯ ಸಂಘದ ಸಾಲಕ್ಕೆಂದು ಯಾವಾಗಲೋ ತೆರೆದ ಖಾತೆ, ಅವರಿಗೇ ಮರೆತು ಹೋಗಿತ್ತು. ನೇರ ನಗದು ವರ್ಗಾವಣೆ ಆಧಾರ್ ಮೂಲಕ ನಡೆಯುವಾಗ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಯಾವುದೋ ಅಲ್ಲಿಗೆ ಹೋಗುತ್ತದೆ. ಈ ಒಂದು ವಾಕ್ಯವನ್ನು ಮೊದಲ ದಿನವೇ ಕೌಂಟರಿನಲ್ಲಿ ಯಾರಾದರೂ ಹೇಳಿದ್ದರೆ ಅಜ್ಜಿ ಸುಮ್ನೆ ಅಷ್ಟು ಅಲೆಯಬೇಕಿರಲಿಲ್ಲ.

ಒಂದೇ ದುಡ್ಡಿಗೆ ಎರಡು ಹೆಸರು

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. 2013ರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಜನಸಂಖ್ಯೆಗೆ ತಕ್ಕಂತೆ, ಅಂದರೆ ಶೇ 24.1ರಷ್ಟು, ಅಭಿವೃದ್ಧಿ ಹಣವನ್ನು ಅವರಿಗಾಗಿ ಎತ್ತಿಡಬೇಕು. ಇದನ್ನೇ ಎಸ್‌ಸಿಎಸ್‌ಪಿ ಟಿಎಸ್‌ಪಿ ಎನ್ನುತ್ತೇವೆ. 2024-25ರಲ್ಲಿ ಎತ್ತಿಟ್ಟದ್ದು 39,121 ಕೋಟಿ. ಅದರಲ್ಲಿ 14,282 ಕೋಟಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ಗ್ಯಾರಂಟಿ ಪಡೆಯುವ ದಲಿತ, ಆದಿವಾಸಿ ಕುಟುಂಬಗಳ ಖರ್ಚನ್ನೇ ಇಲ್ಲಿ ತೋರಿಸಿದ್ದೇವೆ ಎನ್ನುವುದು ಸರ್ಕಾರದ ವಾದ. ಅದು ಸುಳ್ಳಲ್ಲ, ಆ ಮನೆಗಳಿಗೆ ಹಣ ತಲುಪಿದೆ.

ಆದರೂ ನನಗೆ ಇದು ಒಪ್ಪಿಗೆಯಿಲ್ಲ. ಗೃಹಲಕ್ಷ್ಮಿ ಎಲ್ಲ ಜಾತಿಯ ಹೆಣ್ಣುಮಕ್ಕಳಿಗೂ ಸಿಗುತ್ತದೆ. ಬೇರೆಯವರಿಗೆ ಅದು ಸಾಮಾನ್ಯ ಬಜೆಟ್ಟಿನಿಂದ ಬರುತ್ತದೆ. ದಲಿತ ಹೆಣ್ಣುಮಗಳಿಗೆ ಮಾತ್ರ ಅವಳ ಹಾಸ್ಟೆಲಿಗೆ, ಗಂಗಾ ಕಲ್ಯಾಣದ ಬೋರ್‌ವೆಲ್ಲಿಗೆ, ವಿದ್ಯಾರ್ಥಿವೇತನಕ್ಕೆ ಇಟ್ಟ ಗಂಟಿನಿಂದಲೇ ಬಂದರೆ, ವಿಶೇಷವಾಗಿ ಕೊಟ್ಟದ್ದು ಏನಾಯಿತು? ಬಜೆಟ್ಟಿನಲ್ಲಿ ಎರಡು ಕಡೆ ಹೆಸರು ಬಂದರೂ ದುಡ್ಡು ಒಂದೇ.

ಇದನ್ನೆಲ್ಲ ನೀವೇ ನೋಡಬಹುದು. ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಬಜೆಟ್ ಪುಸ್ತಕಗಳು ಸಿಗುತ್ತವೆ. ಭಾಷಣ ಪಕ್ಕಕ್ಕಿಟ್ಟು ವೆಚ್ಚದ ವಿವರವಾದ ಅಂದಾಜು ತೆಗೆಯಿರಿ. ನಿಮ್ಮ ಮನಸ್ಸಿಗೆ ಹತ್ತಿರವಾದ ಒಂದೇ ಒಂದು ಬಾಬ್ತು ಹಿಡಿಯಿರಿ, ಹಾಸ್ಟೆಲ್ ಇರಲಿ, ಆಸ್ಪತ್ರೆ ಇರಲಿ. ಲೆಕ್ಕಶೀರ್ಷಿಕೆ ಬರೆದುಕೊಳ್ಳಿ, ನಾಲ್ಕು ಕಾಲಂ ಹೋಲಿಸಿ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಈ ಲೆಕ್ಕಶೀರ್ಷಿಕೆಯಲ್ಲಿ ನಮ್ಮ ತಾಲ್ಲೂಕಿಗೆ ಹಂಚಿಕೆ ಎಷ್ಟು, ಬಿಡುಗಡೆ ಎಷ್ಟು, ಯಾವ ದಿನಾಂಕದಂದು, ಖರ್ಚಾದದ್ದು ಎಷ್ಟು, ಮಾರ್ಚ್ 31ಕ್ಕೆ ಬ್ಯಾಂಕ್ ಖಾತೆಯಲ್ಲಿ ಉಳಿದದ್ದು ಎಷ್ಟು? ದಿನಾಂಕ ಕೇಳುವುದನ್ನು ಮರೆಯಬೇಡಿ.